ಜೋರು ಸದ್ದಿನಿಂದ ಕಿವಿ ಗುಂಯ್ ಅನ್ನುತ್ತಿದೆಯಾ? ಮೊದಲ ದಿನದಿಂದ ಏನೇನು ಮಾಡಬೇಕು

ಗಣೇಶನ ಮೆರವಣಿಗೆಗಳು ಶುರುವಾದಾಗಿನಿಂದ ದೀಪಾವಳಿ ಮುಗಿಯುವವರೆಗೆ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಡಿಜೆ ಪಕ್ಕದಲ್ಲಿ ನಿಂತಿದ್ದೆ. ಮಾರನೇ ದಿನದಿಂದ ಕಿವಿಯಲ್ಲಿ ಕುಯ್ ಅಂತಿದೆ. ಇದು ಹೋಗುತ್ತಾ?" ಉಳಿದ ತಿಂಗಳುಗಳಲ್ಲೂ ಇದೇ ಪ್ರಶ್ನೆ, ಕೇಳುವವರು ಮಾತ್ರ ಬೇರೆ. ಪೀಣ್ಯದಲ್ಲಿ ಪ್ರೆಸ್ ಮೆಷಿನ್ ಮೇಲೆ ಕೆಲಸ ಮಾಡುವವರು, ಕೋರಮಂಗಲದ ಪಬ್ಬಿಗೆ ಹೋಗಿ ಬಂದವರು, ದಿನವಿಡೀ ಹೆಡ್‌ಸೆಟ್ ಹಾಕಿಕೊಂಡು ಕೂರುವ ಕಾಲ್ ಸೆಂಟರ್ ಹುಡುಗ ಹುಡುಗಿಯರು, ತಮಟೆ, ಡೊಳ್ಳು ಬಾರಿಸುವವರು. ಕಿವಿ ಪರೀಕ್ಷೆ ಮಾಡುವುದೇ ನನ್ನ ಕೆಲಸ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಾ ಬಂದಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ನೇರ ಉತ್ತರ. ಒಂದು ರಾತ್ರಿಯ ಸದ್ದಿನಿಂದ ಬಂದ ಗುಂಯ್ ಬಹಳಷ್ಟು ಜನರಲ್ಲಿ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿದುಬಿಟ್ಟರೆ, ಅದನ್ನು ಪೂರ್ತಿ ಅಳಿಸಿಹಾಕುವ ಮಾತ್ರೆ ಇವತ್ತಿಗೂ ಇಲ್ಲ. ಆದರೆ ಅದು ನಿಮ್ಮ ನಿದ್ದೆ, ಕೆಲಸ, ನೆಮ್ಮದಿಯನ್ನು ಕೆಡಿಸದ ಹಾಗೆ ಮಾಡಿಕೊಳ್ಳಬಹುದು. ಹೆಚ್ಚಿನವರು ಆ ಸ್ಥಿತಿಗೆ ಬರುತ್ತಾರೆ ಕೂಡ. ಅಲ್ಲಿಗೆ ತಲುಪಲು ಅಡ್ಡ ಬರುವುದು ಮುಖ್ಯವಾಗಿ ಎರಡು ತಪ್ಪು: ಡಾಕ್ಟರಿಗೆ ತೋರಿಸಬೇಕಾದಾಗ ತಡ ಮಾಡುವುದು, ಆಮೇಲೆ ಹೆದರಿಕೊಂಡು ಎಲ್ಲ ಸದ್ದಿನಿಂದಲೂ ದೂರ ಓಡುವುದು.

ಕಿವಿಯೊಳಗೆ ಏನಾಗಿರುತ್ತದೆ

ಹೊರಗೆ ಯಾವ ಸದ್ದೂ ಇಲ್ಲದಿದ್ದಾಗಲೂ ಕಿವಿಯಲ್ಲೋ ತಲೆಯಲ್ಲೋ ಸದ್ದು ಕೇಳಿಸುವುದಕ್ಕೆ ಟಿನಿಟಸ್ ಎನ್ನುತ್ತಾರೆ. ಕೆಲವರಿಗೆ ಗುಂಯ್, ಕೆಲವರಿಗೆ ಸುಯ್, ಇನ್ನು ಕೆಲವರಿಗೆ ರಾತ್ರಿಯೆಲ್ಲ ಜೀರುಂಡೆ ಕೂಗಿದ ಹಾಗೆ.

ಒಳಕಿವಿಯಲ್ಲಿ ಶಂಖದ ಆಕಾರದ ಒಂದು ಪುಟ್ಟ ಭಾಗವಿದೆ. ಹೆಸರು ಕಾಕ್ಲಿಯಾ. ಒಂದೊಂದು ಕಿವಿಯ ಕಾಕ್ಲಿಯಾದಲ್ಲೂ ಸುಮಾರು 15,000 ರೋಮಕೋಶಗಳು ಇರುತ್ತವೆ. ಸದ್ದಿನ ಅಲುಗಾಟವನ್ನು ನರದ ಸಂಕೇತವಾಗಿ ಬದಲಿಸುವ ಕೋಶಗಳು ಇವು. ಜೋರು ಸದ್ದಿಗೆ ಇವು ದಣಿಯುತ್ತವೆ. ಸದ್ದು ತೀರಾ ಜೋರಾಗಿದ್ದರೆ, ಅಥವಾ ತುಂಬ ಹೊತ್ತು ಇದ್ದರೆ, ಸಾಯುತ್ತವೆ. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಕೋಶ ಉಳಿದರೂ ಅದಕ್ಕೂ ನರಕ್ಕೂ ಇರುವ ಕೊಂಡಿ ಕಳಚಿಕೊಳ್ಳಬಹುದು ಎಂಬುದು ಪ್ರಾಣಿಗಳ ಮೇಲಿನ ಅಧ್ಯಯನಗಳಲ್ಲಿ ಕಂಡುಬಂದಿದೆ.

ಕಿವಿಯಿಂದ ಬರುವ ಸಂಕೇತ ಕಮ್ಮಿಯಾದಾಗ ಮೆದುಳು ಸುಮ್ನೆ ಇರುವುದಿಲ್ಲ. ರೇಡಿಯೋ ಸ್ಟೇಷನ್ ಸರಿಯಾಗಿ ಸಿಗದಿದ್ದಾಗ ನಾವು ವಾಲ್ಯೂಮ್ ಏರಿಸುತ್ತೇವಲ್ವಾ, ಆಗ ಹಾಡಿಗಿಂತ ಕರಕರ ಸದ್ದೇ ಜಾಸ್ತಿಯಾಗುತ್ತದೆ. ಮೆದುಳು ಮಾಡುವುದೂ ಹೆಚ್ಚುಕಮ್ಮಿ ಅದನ್ನೇ. ನಿಮಗೆ ಕೇಳಿಸುತ್ತಿರುವುದು ಆ ಕರಕರ. ಇದೊಂದು ಗೊತ್ತಿದ್ದರೆ ಮುಂದಿನ ಹಂತಗಳೆಲ್ಲ ಯಾಕೆ ಹಾಗಿವೆ ಎಂದು ಅರ್ಥವಾಗುತ್ತದೆ. ಕಿವಿಗೆ ಆದ ಪೆಟ್ಟನ್ನು ಹಿಂದಕ್ಕೆ ತರಲು ಆಗದಿರಬಹುದು. ಮೆದುಳು ಏರಿಸಿಕೊಂಡ ವಾಲ್ಯೂಮನ್ನೂ, ಆ ಸದ್ದಿಗೆ ಅದು ಕೊಡುತ್ತಿರುವ ಗಮನವನ್ನೂ ಇಳಿಸಬಹುದು.

ಮೊದಲೇ ಜೊತೆ ಮಾಡಿಕೊಳ್ಳಬೇಕಾದ್ದು

ಒಂದು ಸಣ್ಣ ನೋಟ್‌ಬುಕ್, ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ (ಕಿವಿಗೆ ಸೇರಿಸುವ ಮೆತ್ತನೆಯ ಬಿರಡೆ), ರಾತ್ರಿ ಹಗುರವಾದ ಸದ್ದು ಕೊಡುವ ಒಂದು ಫ್ಯಾನೋ ಸ್ಪೀಕರ್ರೋ, ನೀವು ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಿಂದೆ ಯಾವಾಗಲಾದರೂ ಕಿವಿ ಪರೀಕ್ಷೆ ಮಾಡಿಸಿದ್ದರೆ ಅದರ ಕಾಗದ. ಇಷ್ಟು ಸಾಕು.

ಹಂತ 1: ಮೊದಲ 48 ಗಂಟೆ

ಕಿವಿಗೆ ವಿಶ್ರಾಂತಿ ಕೊಡಿ. ಎರಡನೇ ದಿನದ ಮೆರವಣಿಗೆ ಬೇಡ, ಪಬ್ ಬೇಡ, ಇಯರ್‌ಫೋನ್ ಬೇಡ, ಗ್ರೈಂಡಿಂಗ್, ಡ್ರಿಲ್ಲಿಂಗ್ ಕೆಲಸ ಬೇಡ. ದಣಿದ ಕೋಶಗಳು ಚೇತರಿಸಿಕೊಳ್ಳುವ ಹೊತ್ತು ಇದು. ಈ ಹೊತ್ತಿನಲ್ಲಿ ಮತ್ತೆ ಪೆಟ್ಟು ಬಿದ್ದರೆ ತಾತ್ಕಾಲಿಕವಾಗಿ ಇದ್ದದ್ದು ಶಾಶ್ವತವಾಗುವ ಸಾಧ್ಯತೆ ಹೆಚ್ಚು.

ವಿಶ್ರಾಂತಿ ಅಂದರೆ ಕಿಟಕಿ ಬಾಗಿಲು ಹಾಕಿಕೊಂಡು ಪೂರ್ತಿ ನಿಶ್ಶಬ್ದದಲ್ಲಿ ಕೂರುವುದಲ್ಲ. ಮನೆಯವರ ಮಾತು, ಫ್ಯಾನ್, ಮೆಲ್ಲಗೆ ಹಾಕಿದ ರೇಡಿಯೋ ಇರಲಿ. ಪೂರ್ತಿ ನಿಶ್ಶಬ್ದದಲ್ಲಿ ಟಿನಿಟಸ್ ಇನ್ನೂ ಜೋರಾಗಿ ಕೇಳಿಸುತ್ತದೆ. ಭಯ ಹೆಚ್ಚಾಗುತ್ತದೆ.

ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಿಡಿ: ಯಾವ ಸದ್ದು, ಎಷ್ಟು ಹೊತ್ತು, ಎಷ್ಟು ದೂರದಲ್ಲಿ, ಯಾವ ಕಿವಿ. ಆಮೇಲೆ ಫೋನನ್ನು ಒಂದೊಂದೇ ಕಿವಿಗೆ ಹಿಡಿದು ಯಾರದಾದರೂ ಮಾತು ಕೇಳಿ. ಎರಡೂ ಕಡೆ ಒಂದೇ ತರಹ ಕೇಳಿಸುತ್ತಿದೆಯಾ, ಒಂದು ಕಡೆ ಮಂಕಾಗಿದೆಯಾ ನೋಡಿ. ಇದೊಂದು ಸಣ್ಣ ಪರೀಕ್ಷೆ, ಆದರೆ ಮುಂದಿನ ಹಂತದಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಎಡವುವುದು ಎಣ್ಣೆಯ ವಿಷಯದಲ್ಲಿ. ಬೆಚ್ಚಗಿನ ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಲು ಮನೆಯಲ್ಲಿ ಹೇಳಿಯೇ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಪೆಟ್ಟು ಬಿದ್ದಿರುವುದು ಒಳಕಿವಿಗೆ. ಕಿವಿತಮಟೆ ಸರಿಯಿದ್ದರೆ ಎಣ್ಣೆ ಅಲ್ಲಿಗೆ ಹೋಗುವುದೇ ಇಲ್ಲ. ಪಟಾಕಿ ಕಿವಿಯ ಹತ್ತಿರವೇ ಸಿಡಿದಿದ್ದರೆ ಕಿವಿತಮಟೆ ಹರಿದಿರಲೂಬಹುದು. ಆಗ ಎಣ್ಣೆ, ನೀರು ಒಳಗೆ ಹೋದರೆ ಸೋಂಕಾಗುತ್ತದೆ. ಅಂಥ ಅನುಮಾನ ಇದ್ದರೆ ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಇಟ್ಟುಕೊಳ್ಳಿ, ನೀರು ಹೋಗದ ಹಾಗೆ ನೋಡಿಕೊಳ್ಳಿ, ಬೇಗ ಡಾಕ್ಟರಿಗೆ ತೋರಿಸಿ. ಬಡ್ಸ್ ಹಾಕಿ ಕೆದಕುವುದು, ರಸ್ತೆ ಬದಿ ಕಿವಿ ಕ್ಲೀನ್ ಮಾಡುವವರ ಹತ್ತಿರ ಕೂರುವುದು ಖಂಡಿತ ಬೇಡ.

ಹಂತ 2: ಕಾಯಬಾರದ ಲಕ್ಷಣಗಳು

ಕೆಳಗಿನದರಲ್ಲಿ ಒಂದಿದ್ದರೂ 48 ಗಂಟೆ ಎಣಿಸುತ್ತಾ ಕೂರಬೇಡಿ. ಅದೇ ದಿನ ಅಥವಾ ಮಾರನೇ ದಿನ ಕಿವಿ, ಮೂಗು, ಗಂಟಲು ಡಾಕ್ಟರ್, ಅಂದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ.

ಒಂದು ಕಿವಿ ಇದ್ದಕ್ಕಿದ್ದ ಹಾಗೆ ಮಂಕಾದರೆ ಅಥವಾ ಕೇಳಿಸದೇ ಹೋದರೆ. ತಲೆ ಗಿರ್ರನೆ ತಿರುಗಿದರೆ. ಕಿವಿಯಿಂದ ರಕ್ತ ಅಥವಾ ಕೀವು ಬಂದರೆ. ಮುಖದ ಒಂದು ಭಾಗ ಸೋತ ಹಾಗಾದರೆ. ನಾಡಿ ಮಿಡಿತಕ್ಕೆ ಸರಿಯಾಗಿ ಧುಕ್ ಧುಕ್ ಎಂದು ಕಿವಿಯಲ್ಲಿ ಬಡಿದರೆ. "ಹೀಗೆ ಬದುಕುವುದಕ್ಕಿಂತ ಸಾಯುವುದೇ ಮೇಲು" ಎಂಬ ಯೋಚನೆ ಬರತೊಡಗಿದರೆ.

ಮೊದಲನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೂರು ದಿನದೊಳಗೆ ಕೇಳುವ ಶಕ್ತಿ ತಟ್ಟನೆ ಕುಸಿಯುವುದನ್ನು ವೈದ್ಯರು ತುರ್ತು ಎಂದೇ ನೋಡುತ್ತಾರೆ. ಅದಕ್ಕೆ ಕೊಡುವ ಸ್ಟೀರಾಯ್ಡ್ (ಊತ ಇಳಿಸುವ ಔಷಧಿ) ಮೊದಲ ಎರಡು ವಾರದಲ್ಲಿ ಉಪಯೋಗಕ್ಕೆ ಬರುವಷ್ಟು ಆಮೇಲೆ ಬರುವುದಿಲ್ಲ. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಪಟಾಕಿ, ಸ್ಫೋಟದಂಥ ಪೆಟ್ಟಿನ ಜೊತೆಗೆ ಕೇಳಿಸುವುದೂ ಕಮ್ಮಿಯಾಗಿದ್ದರೆ, ಸ್ಟೀರಾಯ್ಡ್ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವುದು ಡಾಕ್ಟರ ಕೆಲಸ. ನೀವೇ ಮೆಡಿಕಲ್ ಶಾಪಿನಿಂದ ತಂದು ನುಂಗುವ ಔಷಧಿ ಅದಲ್ಲ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರು. "ಶೀತಕ್ಕೆ ಕಿವಿ ಕಟ್ಟಿರಬೇಕು, ಬಿಡು" ಎಂದುಕೊಂಡು ಒಂದು ತಿಂಗಳು ಬಿಟ್ಟು ಬರುವವರನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಈ ಯಾವ ಲಕ್ಷಣವೂ ಇಲ್ಲ, ಬರೀ ಗುಂಯ್ ಅಷ್ಟೇ ಇದೆ, ಒಂದು ವಾರವಾದರೂ ಹೋಗಿಲ್ಲ ಅಂದರೆ ಮುಂದಿನ ಹಂತ.

ಹಂತ 3: ಪರೀಕ್ಷೆ

ಮೊದಲು ಇಎನ್‌ಟಿ ಡಾಕ್ಟರ್ ಕಿವಿಯೊಳಗೆ ನೋಡಲಿ. ಎಷ್ಟೋ ಸಲ ಗಟ್ಟಿಯಾದ ಗುಗ್ಗೆ ಅಡ್ಡ ಬಂದಿರುತ್ತದೆ. ಅದನ್ನು ತೆಗೆದರೆ ಅರ್ಧ ತೊಂದರೆ ಅಲ್ಲೇ ಇಳಿಯುವುದೂ ಉಂಟು. ಆಮೇಲೆ ಆಡಿಯಾಲಜಿಸ್ಟ್, ಅಂದರೆ ಕೇಳುವ ಶಕ್ತಿಯನ್ನು ಅಳೆಯುವವರು.

ಬೆಂಗಳೂರಿನಲ್ಲಿ ವಿಕ್ಟೋರಿಯಾ, ಬೌರಿಂಗ್, ಮಲ್ಲೇಶ್ವರದ ಕೆ.ಸಿ. ಜನರಲ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಇಎನ್‌ಟಿ ವಿಭಾಗಗಳಿವೆ. ಹೆಣ್ಣೂರು ರಸ್ತೆಯ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕಾಗಿ ಇರುವ ಸಂಸ್ಥೆ. ನಿಮ್ಹಾನ್ಸ್‌ನಲ್ಲೂ ವಾಕ್ ಮತ್ತು ಶ್ರವಣ ವಿಭಾಗವಿದೆ. ಮೈಸೂರಿಗೆ ಹೋಗಿಬರಲು ಅನುಕೂಲ ಇದ್ದವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹಿಯರಿಂಗ್ ಏಡ್ ಅಂಗಡಿಗಳಲ್ಲಿ ಪುಕ್ಕಟೆ ಪರೀಕ್ಷೆ ಮಾಡುತ್ತಾರೆ, ನಿಜ. ಆದರೆ ಟಿನಿಟಸ್‌ಗೆ ಮೊದಲ ಪರೀಕ್ಷೆಯನ್ನು ಇಎನ್‌ಟಿ ವಿಭಾಗ ಇರುವ ಕಡೆ ಮಾಡಿಸಿ ಎಂದೇ ನಾನು ಹೇಳುವುದು.

ಪರೀಕ್ಷೆಯ ಹಿಂದಿನ ದಿನದಿಂದಲೇ, ಕನಿಷ್ಠ 14 ಗಂಟೆ, ಜೋರು ಸದ್ದಿನಿಂದ ದೂರ ಇರಿ. ನೈಟ್ ಶಿಫ್ಟ್ ಮುಗಿಸಿ ಫ್ಯಾಕ್ಟರಿಯಿಂದ ನೇರವಾಗಿ ಬಂದರೆ ಕಿವಿ ದಣಿದಿರುತ್ತದೆ. ಇರುವುದಕ್ಕಿಂತ ಕೆಟ್ಟ ಫಲಿತಾಂಶ ಬರುತ್ತದೆ.

ಪರೀಕ್ಷೆ ಹೇಗಿರುತ್ತದೆ? ದಪ್ಪ ಬಾಗಿಲಿನ ಒಂದು ಸಣ್ಣ ಕೋಣೆ. ಒಳಗೆ ಹೋಗಿ ಬಾಗಿಲು ಹಾಕಿದ ತಕ್ಷಣ ಹೊರಗಿನ ಹಾರನ್, ಕಾರಿಡಾರಿನ ಮಾತು ಎಲ್ಲ ನಿಂತುಹೋಗುತ್ತದೆ. ನಿಮ್ಮ ಟಿನಿಟಸ್ ಧುತ್ತೆಂದು ಎದ್ದು ನಿಲ್ಲುವುದು ಆಗಲೇ. ಎಷ್ಟೋ ಜನ ಇಲ್ಲೇ ಗಾಬರಿಯಾಗುತ್ತಾರೆ. ರೋಗ ಜಾಸ್ತಿಯಾಗಿಲ್ಲ, ಸುತ್ತ ಸದ್ದು ಇಲ್ಲದಿರುವುದರಿಂದ ಹಾಗೆ. ಹೆಡ್‌ಫೋನ್ ಹಾಕಿ ಕೈಗೆ ಒಂದು ಬಟನ್ ಕೊಡುತ್ತಾರೆ. ಬೀಪ್ ಕೇಳಿಸಿದಾಗೆಲ್ಲ ಒತ್ತಬೇಕು. ಕೇಳಿಸಿದ್ದು ಬೀಪೋ ನಿಮ್ಮ ಟಿನಿಟಸ್ಸೋ ಗೊತ್ತಾಗದೆ ಒದ್ದಾಡುವುದು ಸಾಮಾನ್ಯ. ಆಗ ಬಾಯಿ ಬಿಟ್ಟು ಹೇಳಿ: "ನನ್ನ ಕಿವಿಯ ಸದ್ದಿನ ಜೊತೆ ಕಲಸಿಹೋಗುತ್ತಿದೆ, ಬಿಟ್ಟು ಬಿಟ್ಟು ಬರುವ ಬೀಪ್ ಹಾಕ್ತೀರಾ?" ಮೆಷಿನ್‌ನಲ್ಲಿ ಆ ಅನುಕೂಲ ಇರುತ್ತದೆ. ಕೇಳಲು ಸಂಕೋಚ ಬೇಡ.

ಕೊನೆಗೆ ಕೈಗೆ ಬರುವ ಗ್ರಾಫ್ ಹಾಳೆಯೇ ಆಡಿಯೋಗ್ರಾಂ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಗುರುತು. ಗುರುತು ಕೆಳಗೆ ಇಳಿದಷ್ಟೂ ಕೇಳುವ ಶಕ್ತಿ ಕಮ್ಮಿ. 25 ಡೆಸಿಬೆಲ್ (ಸದ್ದು ಎಷ್ಟು ಜೋರು ಎಂಬುದರ ಅಳತೆ) ಒಳಗಿದ್ದರೆ ಸಾಮಾನ್ಯವಾಗಿ ಪರವಾಗಿಲ್ಲ ಎನ್ನುತ್ತಾರೆ. ಸದ್ದಿನ ಪೆಟ್ಟಿಗೆ ಒಂದು ಗುರುತಿದೆ. 3000ದಿಂದ 6000 ಹರ್ಟ್ಜ್ (ಸ್ವರ ಎಷ್ಟು ಏರು ಎಂಬುದರ ಅಳತೆ) ನಡುವೆ, ಬಹುತೇಕ 4000ದ ಹತ್ತಿರ ಗೆರೆ ತಗ್ಗಿಗೆ ಇಳಿದು 8000ದಲ್ಲಿ ಮತ್ತೆ ಮೇಲೇರುತ್ತದೆ. ನಿಮ್ಮ ಹಾಳೆಯಲ್ಲಿ ಆ ತಗ್ಗು ಇದೆಯಾ ನೋಡಿಕೊಳ್ಳಿ.

ಗೆರೆ ನೆಟ್ಟಗಿದೆ, ಆದರೂ ಸದ್ದು ಬರುತ್ತಿದೆ ಅನ್ನುವವರೂ ಸಾಕಷ್ಟು ಜನ. "ಎಲ್ಲ ನಾರ್ಮಲ್, ಏನೂ ಇಲ್ಲ ಹೋಗಿ" ಅಂದರೆ ಕುಗ್ಗಬೇಡಿ. ಮಾಮೂಲಿ ಆಡಿಯೋಗ್ರಾಂ 8000 ಹರ್ಟ್ಜ್‌ಗೆ ನಿಲ್ಲುತ್ತದೆ. ಅದಕ್ಕಿಂತ ಮೇಲಿನ ಪೆಟ್ಟೂ ನರದ ಕೊಂಡಿಯ ಪೆಟ್ಟೂ ಅದರಲ್ಲಿ ಕಾಣುವುದಿಲ್ಲ. ನಿಮಗೆ ಕೇಳಿಸುತ್ತಿರುವುದು ಭ್ರಮೆ ಅಲ್ಲ.

ಟಿನಿಟಸ್ ಒಂದೇ ಕಿವಿಯಲ್ಲಿದ್ದು ಎರಡು ಕಿವಿಯ ಗೆರೆಗಳ ನಡುವೆ ತುಂಬ ಅಂತರ ಇದ್ದರೆ ಡಾಕ್ಟರ್ ಎಂಆರ್‌ಐ ಬರೆಯಬಹುದು. ಕೇಳುವ ನರದ ಮೇಲೆ ಗಡ್ಡೆ ಇಲ್ಲ ಎಂದು ಖಚಿತ ಮಾಡಿಕೊಳ್ಳಲು ಅದು. ಅಂಥ ಗಡ್ಡೆ ಅಪರೂಪ. ಎಂಆರ್‌ಐ ಮೆಷಿನ್ ತಾನೇ ತುಂಬ ಜೋರಾಗಿ ಬಡಿಯುತ್ತದೆ, ಆದ್ದರಿಂದ ಒಳಗೆ ಮಲಗುವ ಮೊದಲು ಇಯರ್‌ಪ್ಲಗ್, ಅದರ ಮೇಲೆ ಹೆಡ್‌ಫೋನ್ ಎರಡನ್ನೂ ಕೇಳಿ ಹಾಕಿಸಿಕೊಳ್ಳಿ.

ಹಂತ 4: ಔಷಧಿ ಮತ್ತು ದುಡ್ಡು

ಇಲ್ಲಿ ಜನ ಕಳೆದುಕೊಳ್ಳುವ ದುಡ್ಡು ಕಮ್ಮಿಯೇನಲ್ಲ. ಬೀಟಾಹಿಸ್ಟಿನ್ ಎಂಬ ತಲೆಸುತ್ತಿನ ಮಾತ್ರೆಯನ್ನು ಟಿನಿಟಸ್‌ಗೂ ಬರೆಯುವ ರೂಢಿ ನಮ್ಮಲ್ಲಿದೆ. ಬರೀ ಟಿನಿಟಸ್‌ಗೆ ಅದನ್ನು ಕೊಡಬೇಡಿ ಎಂದು ಚಿಕಿತ್ಸೆಯ ಮಾರ್ಗಸೂಚಿ ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಗಿಂಕೋ ಎಂಬ ಗಿಡದ ಸಾರ, ಜಿಂಕ್, ನಿದ್ದೆಗೆಂದು ತೆಗೆದುಕೊಳ್ಳುವ ಮೆಲಟೋನಿನ್‌ನಂಥವನ್ನು ಶಿಫಾರಸು ಮಾಡಬಾರದು ಎಂದು ಅಮೆರಿಕದ ಇಎನ್‌ಟಿ ವೈದ್ಯರ ಸಂಘದ 2014ರ ಮಾರ್ಗಸೂಚಿಯಲ್ಲಿದೆ. ಡಾಕ್ಟರ್ ಬರೆದಿದ್ದರೆ ಜಗಳ ಬೇಡ. "ಇದು ಯಾತಕ್ಕೆ, ಎಷ್ಟು ದಿನ, ಕಮ್ಮಿಯಾಗದಿದ್ದರೆ ನಿಲ್ಲಿಸಬಹುದಾ?" ಎಂದು ಕೇಳಿ. ಮೂರು ತಿಂಗಳ ಪ್ಯಾಕೇಜ್, ಗ್ಯಾರಂಟಿ ಗುಣ ಎನ್ನುವ ಜಾಹೀರಾತಿಗೆ ಮುಂಗಡ ಕಟ್ಟಬೇಡಿ.

ಕೇಳುವ ಶಕ್ತಿ ಕಮ್ಮಿಯಾಗಿದೆ ಎಂದು ಆಡಿಯೋಗ್ರಾಂ ತೋರಿಸಿದರೆ ಹಿಯರಿಂಗ್ ಏಡ್‌ಗೆ ಹಾಕುವ ದುಡ್ಡು ಮಾತ್ರ ಸಾರ್ಥಕ. ಕಿವಿಗೆ ಬರದೇ ಇದ್ದ ಸದ್ದುಗಳು ಮತ್ತೆ ಬರತೊಡಗಿದಾಗ ಮೆದುಳಿಗೆ ವಾಲ್ಯೂಮ್ ಏರಿಸುವ ಅಗತ್ಯ ಕಮ್ಮಿಯಾಗುತ್ತದೆ. ಅನೇಕರಿಗೆ ಟಿನಿಟಸ್ ಇದರಿಂದಲೇ ಹಿಂದೆ ಸರಿಯುತ್ತದೆ. ಖರೀದಿಗೆ ಮೊದಲು ಕೆಲವು ದಿನ ಟ್ರಯಲ್ ಕೇಳಿ.

ಬೇರೆ ಕಾಯಿಲೆಯ ಮಾತ್ರೆಗಳನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ. ಜಾಸ್ತಿ ಪ್ರಮಾಣದ ಆಸ್ಪಿರಿನ್, ಕೆಲವು ನೋವಿನ ಮಾತ್ರೆ, ಅಮಿಕಾಸಿನ್, ಜೆಂಟಾಮೈಸಿನ್ ಇಂಜೆಕ್ಷನ್, ಕ್ವಿನೈನ್, ಕೆಲವು ಕ್ಯಾನ್ಸರ್ ಔಷಧಿಗಳು ಕಿವಿಗೆ ತೊಂದರೆ ಕೊಡಬಲ್ಲವು. ಹೃದಯಕ್ಕೆಂದು ಕೊಟ್ಟ ಸಣ್ಣ ಪ್ರಮಾಣದ ಆಸ್ಪಿರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ.

ಕಾಫಿ ಬಿಡಬೇಕಾ ಎಂದು ತುಂಬ ಜನ ಕೇಳುತ್ತಾರೆ. ಕಾಫಿ ಬಿಟ್ಟರೆ ಟಿನಿಟಸ್ ಇಳಿಯುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಬೆಳಗಿನ ಫಿಲ್ಟರ್ ಕಾಫಿ ಕುಡಿಯಿರಿ. ನಿದ್ದೆ ಕೆಡುತ್ತಿದ್ದರೆ ಸಂಜೆಯದನ್ನು ಬಿಡಿ.

ಹಂತ 5: ರಾತ್ರಿಗೆ ಸದ್ದಿನ ವ್ಯವಸ್ಥೆ

ಇದು ನೀವೇ ಮನೆಯಲ್ಲಿ ಮಾಡಿಕೊಳ್ಳಬಹುದಾದ, ಖರ್ಚಿಲ್ಲದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ. ಸುತ್ತಲಿನ ವಾತಾವರಣಕ್ಕೆ ಹಗುರವಾದ, ಏರಿಳಿತವಿಲ್ಲದ ಸದ್ದು ಸೇರಿಸುವುದು. ಟಿನಿಟಸ್ ಮತ್ತು ನಿಶ್ಶಬ್ದದ ನಡುವಿನ ಅಂತರ ಕಮ್ಮಿಯಾದರೆ ಮೆದುಳು ಅದರ ಕಡೆ ತಿರುಗುವುದೂ ಕಮ್ಮಿಯಾಗುತ್ತದೆ.

ನಮ್ಮ ಮನೆಗಳಲ್ಲಿ ಇದಕ್ಕೆ ಸೀಲಿಂಗ್ ಫ್ಯಾನ್ ಇದೆ. ಬೇಸಿಗೆಯಲ್ಲಿ ಟಿನಿಟಸ್ ಅಷ್ಟಾಗಿ ಕಾಡದೆ, ಡಿಸೆಂಬರ್ ಚಳಿಗೆ ಫ್ಯಾನ್ ಆರಿಸಿದ ರಾತ್ರಿಯಿಂದ "ಜಾಸ್ತಿ ಆಗಿಬಿಟ್ಟಿದೆ" ಎಂದು ಬರುವವರಿದ್ದಾರೆ. ನಡುರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತಾಗ ಎಚ್ಚರವಾಗಿ ಗಾಬರಿಯಾಗುವುದೂ ಇದೇ ಕಾರಣಕ್ಕೆ. ಆದ್ದರಿಂದ ಎರಡನೇ ವ್ಯವಸ್ಥೆ ಇರಲಿ. ಮಳೆ ಸದ್ದು, ಹರಿಯುವ ನೀರಿನ ಸದ್ದು, ಅಥವಾ ವೈಟ್ ನಾಯ್ಸ್ (ಎಲ್ಲ ಸ್ಥಾಯಿಗಳೂ ಬೆರೆತ ಸುಯ್ ಸದ್ದು) ಫೈಲನ್ನು ಫೋನಿಗೆ ಇಳಿಸಿಕೊಳ್ಳಿ. ಇಂಟರ್ನೆಟ್ ಇಲ್ಲದೆಯೂ ನಡೆಯಬೇಕು, ನಡುವೆ ಜಾಹೀರಾತು ಬರಬಾರದು.

ವಾಲ್ಯೂಮ್ ಎಷ್ಟಿರಬೇಕು ಎಂಬುದರಲ್ಲೇ ಎಡವುವುದು ಜಾಸ್ತಿ. ಟಿನಿಟಸ್ ಪೂರ್ತಿ ಮುಚ್ಚಿಹೋಗುವಷ್ಟು ಇಡಬೇಡಿ. ಸೊನ್ನೆಯಿಂದ ನಿಧಾನಕ್ಕೆ ಏರಿಸುತ್ತಾ ಬನ್ನಿ. ಹೊರಗಿನ ಸದ್ದೂ ಕೇಳಿಸಬೇಕು, ಅದರ ಹಿಂದೆ ನಿಮ್ಮ ಟಿನಿಟಸ್ಸೂ ಮಸುಕಾಗಿ ಕೇಳಿಸುತ್ತಿರಬೇಕು. ಅಲ್ಲಿ ನಿಲ್ಲಿಸಿ. ಪೂರ್ತಿ ಮುಚ್ಚಿಬಿಟ್ಟರೆ ಮೆದುಳಿಗೆ ಅದನ್ನು ರೂಢಿ ಮಾಡಿಕೊಳ್ಳುವ ಅವಕಾಶವೇ ಸಿಗುವುದಿಲ್ಲ. ಟಿನಿಟಸ್ ರೀಟ್ರೇನಿಂಗ್ ಚಿಕಿತ್ಸೆ ಎಂದು ಕರೆಯುವ ಪದ್ಧತಿಯಲ್ಲೂ ಸಲಹೆ ಸಮಾಧಾನದ ಜೊತೆಗೆ ಇದೇ ತತ್ವವಿದೆ. ಅದಕ್ಕೆ ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ.

ಸ್ಪೀಕರ್ ಹಾಸಿಗೆಯಿಂದ ಸ್ವಲ್ಪ ದೂರ ಇರಲಿ. ಇಯರ್‌ಬಡ್ ಹಾಕಿಕೊಂಡು ಮಲಗಬೇಡಿ. ರೇಡಿಯೋ ಮಾತು, ಧಾರಾವಾಹಿ, ಹಾಡು ಹಗಲಿಗೆ ಚೆನ್ನ. ರಾತ್ರಿ ಮಾತು ಕೇಳಿಸಿದರೆ ಮನಸ್ಸು ಅದರ ಹಿಂದೆ ಹೋಗಿ ನಿದ್ದೆ ಬರುವುದಿಲ್ಲ. ತಂಬೂರಿ ಶ್ರುತಿ ಹಾಕಿಕೊಂಡು ಹಾಯಾಗಿ ಮಲಗುವವರೂ ಇದ್ದಾರೆ. ನಿಮಗೆ ಹಿತವಾದದ್ದು ಯಾವುದೋ ಅದು. ಕೇಳಿದರೆ ಕಿರಿಕಿರಿಯಾಗುವ ಸದ್ದನ್ನು ಔಷಧಿ ಎಂದು ಸಹಿಸಿಕೊಳ್ಳಬೇಡಿ.

ಟಿನಿಟಸ್ ಇರುವವರ ಜೊತೆ ಮನೆಯಲ್ಲಿ ಇರುವವರಿಗೆ ಒಂದು ಮಾತು. ರಾತ್ರಿ ಫ್ಯಾನ್ ಬೇಕು, ಮಳೆ ಸದ್ದು ಬೇಕು ಎಂದು ಅವರು ಕೇಳಿದರೆ ಹಠ ಎಂದುಕೊಳ್ಳಬೇಡಿ. "ಅದರ ಬಗ್ಗೆ ಯೋಚನೆ ಮಾಡಬೇಡ" ಎಂದರೆ ಯೋಚನೆ ನಿಲ್ಲುವುದಿಲ್ಲ. ಒಂದು ಕಂಬಳಿ ಜಾಸ್ತಿ ಹೊದ್ದುಕೊಂಡು ಫ್ಯಾನ್ ಹಾಕಿಕೊಡಿ.

ಹಂತ 6: ಭಯವನ್ನು ಇಳಿಸುವುದು

ಟಿನಿಟಸ್‌ನ ಜೋರನ್ನು ಅಳೆದು ನೋಡಿದರೆ ಬಹಳಷ್ಟು ಜನರಲ್ಲಿ ಅದು ಆ ಸ್ಥಾಯಿಯಲ್ಲಿ ಅವರಿಗೆ ಕೇಳಿಸುವ ಅತಿ ಸಣ್ಣ ಸದ್ದಿಗಿಂತ 10 ಡೆಸಿಬೆಲ್ಲಿಗಿಂತ ಹೆಚ್ಚು ಜೋರಾಗಿರುವುದಿಲ್ಲ. ಅಷ್ಟು ಸಣ್ಣ ಸದ್ದು ಇಷ್ಟೊಂದು ಹಿಂಸೆ ಕೊಡುವುದು ಮೆದುಳು ಅದನ್ನು ಅಪಾಯದ ಸೂಚನೆ ಎಂದು ತಿಳಿದುಕೊಂಡಿರುವುದರಿಂದ. ಭಯ ಹೆಚ್ಚಾದಷ್ಟೂ ಗಮನ ಅಲ್ಲಿಗೆ ಹೋಗುತ್ತದೆ, ಗಮನ ಹೋದಷ್ಟೂ ಅದು ಜೋರಾಗಿ ಕೇಳಿಸುತ್ತದೆ.

ಈ ಸುತ್ತನ್ನು ಮುರಿಯಲು ಸದ್ಯಕ್ಕೆ ಎಲ್ಲಕ್ಕಿಂತ ಗಟ್ಟಿ ಆಧಾರ ಇರುವುದು ಸಿಬಿಟಿಗೆ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಗೆ. ಆಪ್ತ ಸಮಾಲೋಚಕರ ಜೊತೆ ಕೂತು, ನಮ್ಮ ಯೋಚನೆ ಮತ್ತು ನಡವಳಿಕೆಯನ್ನು ಹಂತ ಹಂತವಾಗಿ ಬದಲಿಸಿಕೊಳ್ಳುವ ಚಿಕಿತ್ಸೆ ಅದು. ಅದು ಸದ್ದನ್ನು ಕಮ್ಮಿ ಮಾಡುವುದಿಲ್ಲ, ಸದ್ದಿನಿಂದಾಗುವ ಹಿಂಸೆಯನ್ನು ಕಮ್ಮಿ ಮಾಡುತ್ತದೆ. "ನನಗೆ ಹುಚ್ಚು ಅಂತೀರಾ?" ಎಂದು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಹಾನ್ಸ್‌ಗೂ, ಬಿಟಿಎಂ ಲೇಔಟ್‌ನಲ್ಲಿರುವ ಅದರ ಸೆಂಟರ್ ಫಾರ್ ವೆಲ್ ಬೀಯಿಂಗ್‌ಗೂ ನಿದ್ದೆ, ಆತಂಕ, ಒತ್ತಡ ಎಂದು ಮಾಮೂಲಿ ಜನ ಬರುತ್ತಲೇ ಇರುತ್ತಾರೆ. ರಾತ್ರಿ ತಡೆಯಲಾಗದಷ್ಟು ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನಿಮ್ಮಷ್ಟಕ್ಕೆ ನೀವು ಮಾಡಬಹುದಾದ್ದೂ ಇದೆ. ಬೆಳಗ್ಗೆ ಎದ್ದ ತಕ್ಷಣ ಕಿವಿ ಮುಚ್ಚಿ "ಇವತ್ತು ಎಷ್ಟಿದೆ" ಎಂದು ನೋಡುವ ಅಭ್ಯಾಸ ಬಿಡಿ. ದಿನಾ ಅಳೆದರೆ ದಿನಾ ಅದಕ್ಕೆ ಗಮನ ಕೊಟ್ಟ ಹಾಗೆ. ಅಳೆಯಲೇಬೇಕು ಎನ್ನಿಸಿದರೆ ತಿಂಗಳಿಗೊಮ್ಮೆ ಟಿನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಎಂಬ ಟಿಎಚ್‌ಐ ಪ್ರಶ್ನಾವಳಿ ತುಂಬಿ. ಅದರಲ್ಲಿ 25 ಪ್ರಶ್ನೆ, 100 ಅಂಕ. ಟಿನಿಟಸ್ ನಿಮ್ಮ ದಿನಚರಿಯನ್ನು ಎಷ್ಟು ಕೆಡಿಸುತ್ತಿದೆ ಎಂಬುದನ್ನು ತೋರಿಸುತ್ತದೆ. ಕನ್ನಡದಲ್ಲೂ ಇದೆ, ಆಡಿಯಾಲಜಿಸ್ಟ್ ಹತ್ತಿರ ಕೇಳಿ. 16ರ ಒಳಗಿದ್ದರೆ ತೀರಾ ಅಲ್ಪ, 58 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೀವ್ರ. ಅಂಕ ಅಷ್ಟಿದ್ದರೆ ಒಬ್ಬರೇ ನಿಭಾಯಿಸಲು ಹೋಗಬೇಡಿ.

ಹಲ್ಲು ಕಚ್ಚಿದಾಗ, ಕತ್ತು ತಿರುಗಿಸಿದಾಗ ಸದ್ದು ಬದಲಾಗುತ್ತದೆಯಾ? ಹಾಗಿದ್ದರೆ ದವಡೆ, ಕತ್ತಿನ ಬಿಗಿತವೂ ಸೇರಿಕೊಂಡಿರಬಹುದು. ದಂತವೈದ್ಯರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಿದರೆ ಪ್ರಯೋಜನವಾಗುತ್ತದೆ.

ಹಂತ 7: ಈ ಊರಿನಲ್ಲಿ ಕಿವಿ ಕಾಪಾಡಿಕೊಳ್ಳುವುದು

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಕೆಲಸದ ಜಾಗಕ್ಕೆ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ ಹೀಗೆ: 85 ಡೆಸಿಬೆಲ್ ಆದರೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 94ಕ್ಕೆ 1 ಗಂಟೆ. 100ಕ್ಕೆ ಬರೀ 15 ನಿಮಿಷ. ಫೋನಿನ ಡೆಸಿಬೆಲ್ ಆಪ್ ಸುಮಾರಾಗಿ ಅಂದಾಜು ಕೊಡುತ್ತದೆ. ಆಪ್ ಇಲ್ಲದಿದ್ದರೆ ಒಂದು ತೋಳಿನಷ್ಟು ದೂರದಲ್ಲಿ ನಿಂತವರ ಜೊತೆ ಕಿರುಚಿ ಮಾತಾಡಬೇಕಾಗಿದೆ ಅಂದರೆ 85 ದಾಟಿದೆ ಎಂದುಕೊಳ್ಳಿ.

ಇದನ್ನು ಹಿಡಿದು ನೋಡಿದರೆ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಲ್ಲುವುದು ಕಿರಿಕಿರಿಯೇ ಹೊರತು ಅಷ್ಟರಿಂದಲೇ ಕಿವಿ ಹಾಳಾಗುವುದಿಲ್ಲ. ಮಿಕ್ಸಿ 80-90ರ ಆಸುಪಾಸಿನಲ್ಲಿ ಇದ್ದರೂ ಚಟ್ನಿ ರುಬ್ಬುವ ಎರಡು ನಿಮಿಷಕ್ಕೆ ಹೆದರಬೇಕಾಗಿಲ್ಲ. ಮದುವೆ ಮನೆಯ ಸ್ಪೀಕರ್ ಮುಂದಿನ ಸಾಲು, ಡಿಜೆ ಗಾಡಿಯ ಪಕ್ಕ, ಪಬ್ಬಿನ ಡ್ಯಾನ್ಸ್ ಫ್ಲೋರ್, ಟೈಲ್ಸ್ ಕಟಿಂಗ್, ಬೋರ್‌ವೆಲ್ ಲಾರಿ, ಪಟಾಕಿ ಇವು ಬೇರೆ ಲೆಕ್ಕ. ವಾರಾಂತ್ಯದಲ್ಲಿ ನಂದಿ ಬೆಟ್ಟದ ಕಡೆ ಬೈಕ್ ಓಡಿಸುವವರಿಗೂ ಹೇಳಬೇಕು: ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ ಒಳಗಿನ ಗಾಳಿ ಸದ್ದೇ 90 ಡೆಸಿಬೆಲ್ ದಾಟುತ್ತದೆ.

ಫೋಮ್ ಪ್ಲಗ್ ಹಾಕುವ ವಿಧಾನ ಕಲಿಯಿರಿ. ಕೈ ತೊಳೆದುಕೊಳ್ಳಿ. ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು, ಮಡಿಕೆ ಬೀಳದ ಹಾಗೆ ತೆಳ್ಳಗೆ ಮಾಡಿ. ಬಲಗಿವಿಗೆ ಹಾಕುವುದಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಕಿವಿಯ ದಾರಿ ನೆಟ್ಟಗಾಗುತ್ತದೆ. ಪ್ಲಗ್ ತಳ್ಳಿ, 30 ಸೆಕೆಂಡ್ ಬೆರಳಿನಿಂದ ಹಿಡಿದುಕೊಳ್ಳಿ. ಅದು ಒಳಗೆ ಅರಳುವುದು ಬೆರಳಿಗೆ ತಿಳಿಯುತ್ತದೆ. ನಿಮ್ಮದೇ ದನಿ ನಿಮಗೆ ದಪ್ಪವಾಗಿ ಕೇಳಿಸಿದರೆ ಸರಿಯಾಗಿ ಕೂತಿದೆ. ಅರ್ಧ ಹೊರಗೆ ಚಾಚಿಕೊಂಡಿದ್ದರೆ ತೆಗೆದು ಮತ್ತೆ ಹಾಕಿ. ಹತ್ತಿ, ಟಿಶ್ಯೂ ಪೇಪರ್ ಉಂಡೆ ಇಂಥ ಸದ್ದಿಗೆ ಏನೇನೂ ಸಾಲದು. ವಾದ್ಯ ನುಡಿಸುವವರು ಸಂಗೀತಗಾರರಿಗೆಂದೇ ಮಾಡಿದ ಪ್ಲಗ್ ಕೇಳಿ. ಅದರಲ್ಲಿ ಎಲ್ಲ ಸ್ವರಗಳೂ ಹೆಚ್ಚುಕಮ್ಮಿ ಸಮನಾಗಿ ಇಳಿಯುತ್ತವೆ, ನಾದ ಕೆಡುವುದಿಲ್ಲ.

ಈಗ ಇದರ ಇನ್ನೊಂದು ಮಗ್ಗುಲು. ಒಮ್ಮೆ ಪೆಟ್ಟು ತಿಂದವರು ಆಫೀಸಿನಲ್ಲಿ, ಮನೆಯಲ್ಲಿ, ಮಲಗುವಾಗ ಕೂಡ ಪ್ಲಗ್ ಹಾಕಿಕೊಂಡೇ ಇರತೊಡಗುತ್ತಾರೆ. ಹೀಗೆ ಮಾಡಿದರೆ ಮೆದುಳು ವಾಲ್ಯೂಮನ್ನು ಇನ್ನೂ ಏರಿಸಿಕೊಳ್ಳುತ್ತದೆ. ತಟ್ಟೆ ಇಟ್ಟ ಸದ್ದು, ಮಗುವಿನ ಕೂಗು ಕೂಡ ಚುಚ್ಚತೊಡಗುತ್ತದೆ. ಇದಕ್ಕೆ ಹೈಪರ್‌ಅಕ್ಯೂಸಿಸ್ ಎಂದು ಹೆಸರು. ಈಗಾಗಲೇ ಹಾಗಾಗಿದ್ದರೆ ಪ್ಲಗ್ಗನ್ನು ಒಂದೇ ದಿನದಲ್ಲಿ ಬಿಡಬೇಡಿ. ಸಮಯ ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡುತ್ತಾ, ಹಗುರವಾದ ಸದ್ದಿಗೆ ಕಿವಿಯನ್ನು ಮತ್ತೆ ಒಗ್ಗಿಸಿ, ಆಡಿಯಾಲಜಿಸ್ಟ್ ಸಲಹೆಯಂತೆ. ರಸ್ತೆ ದಾಟುವಾಗ ಅಂತೂ ಪ್ಲಗ್ ಬೇಡವೇ ಬೇಡ.

ಇಯರ್‌ಫೋನನ್ನು ಪೂರ್ತಿ ಬಿಡಬೇಕೆಂದಿಲ್ಲ. ಬಸ್ಸಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವುದೇ ತೊಂದರೆಯ ಮೂಲ. ನಾಯ್ಸ್ ಕ್ಯಾನ್ಸಲಿಂಗ್ ಇರುವುದಾದರೆ ವಾಲ್ಯೂಮ್ 60 ಶೇಕಡದ ಒಳಗೇ ಸಾಕಾಗುತ್ತದೆ. ಪಟಾಕಿಯಂಥ ಸದ್ದನ್ನು ಅದು ತಡೆಯುತ್ತದೆ ಎಂದು ಮಾತ್ರ ನಂಬಬೇಡಿ.

ಅಕ್ಕಪಕ್ಕದ ಧ್ವನಿವರ್ಧಕದಿಂದ ತೊಂದರೆಯಾದರೆ ಕಾನೂನು ನಿಮ್ಮ ಕಡೆ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಆ ಹೊತ್ತಿನಲ್ಲಿ ತುರ್ತು ಸಹಾಯವಾಣಿ 112ಕ್ಕೆ ಫೋನ್ ಮಾಡಬಹುದು.

ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರು ಇದನ್ನು ಗಮನವಿಟ್ಟು ಓದಿ. ಸದ್ದಿನಿಂದಾಗುವ ಕಿವುಡುತನವನ್ನು ನಮ್ಮ ಕಾರ್ಮಿಕ ಕಾನೂನು ಕೆಲಸದಿಂದ ಬರುವ ಕಾಯಿಲೆ ಎಂದೇ ಪರಿಗಣಿಸುತ್ತದೆ. ಇಎಸ್‌ಐ ಇದ್ದವರು ರಾಜಾಜಿನಗರ ಅಥವಾ ಪೀಣ್ಯದ ಇಎಸ್‌ಐ ಆಸ್ಪತ್ರೆಗೆ ತೋರಿಸಿ, ಯಾವ ಮೆಷಿನ್, ಎಷ್ಟು ವರ್ಷ, ದಿನಕ್ಕೆ ಎಷ್ಟು ಗಂಟೆ ಎಂಬುದನ್ನು ಕೇಸ್ ಪೇಪರಿನಲ್ಲಿ ಬರೆಸಿ. ಕೆಲಸ ಹೋದೀತು ಎಂದು ಬಾಯಿ ಮುಚ್ಚಿಕೊಂಡಿರುವವರ ಕಷ್ಟ ನನಗೆ ಗೊತ್ತು. ಬೇರೇನೂ ಕೇಳಲು ಆಗದಿದ್ದರೆ ಇಯರ್‌ಮಫ್ ಕೊಡಿ, ಒಂದೇ ಮೆಷಿನ್ ಬದಲು ಸರದಿ ಹಾಕಿ ಎಂದಾದರೂ ಸೂಪರ್‌ವೈಸರ್ ಹತ್ತಿರ ಕೇಳಿ.

ಹಂತ 8: ಮುಂದಿನ ತಿಂಗಳುಗಳು

ಚೇತರಿಕೆ ನೇರ ಗೆರೆಯಲ್ಲಿ ಬರುವುದಿಲ್ಲ. ಮೊದಲು ಒಂದೆರಡು ಗಂಟೆ ಅದು ನೆನಪಾಗದೇ ಹೋಗುತ್ತದೆ. ಆಮೇಲೆ ಅರ್ಧ ದಿನ. ನಡುವೆ ನಿದ್ದೆಗೆಟ್ಟಾಗ, ಶೀತವಾದಾಗ, ಮನೆಯಲ್ಲಿ ಚಿಂತೆ ಇದ್ದಾಗ ಮತ್ತೆ ಜೋರಾಗುತ್ತದೆ. ಅದು ಕೆಲವು ದಿನದಲ್ಲಿ ಇಳಿಯುತ್ತದೆ. ಹೊಸ ಜೋರು ಸದ್ದಿಗೆ ಸಿಕ್ಕಿಲ್ಲ, ಕೇಳುವ ಶಕ್ತಿ ಇಳಿದಿಲ್ಲ ಅಂದರೆ ಹೊಸ ಪೆಟ್ಟು ಬಿದ್ದಿದೆ ಎಂದುಕೊಳ್ಳಬೇಕಿಲ್ಲ. ಆ ದಿನಗಳಲ್ಲಿ ಹಂತ 5ನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಕೇಳುವುದೂ ಕಮ್ಮಿಯಾಗಿದೆ ಅನ್ನಿಸಿದರೆ ಹಂತ 2ಕ್ಕೆ ಹೋಗಿ, ತಡ ಮಾಡಬೇಡಿ.

ಆರು ತಿಂಗಳಿಗೆ ಇನ್ನೊಂದು ಆಡಿಯೋಗ್ರಾಂ ಮಾಡಿಸಿ. ಸದ್ದಿನ ಕೆಲಸದಲ್ಲೇ ಇದ್ದರೆ ಆಮೇಲೆ ವರ್ಷಕ್ಕೊಂದು. ಬರುವಾಗ ಹಳೆಯ ಹಾಳೆ ಮರೆಯದೆ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು 4000 ಹರ್ಟ್ಜ್ ಹತ್ತಿರದ ತಗ್ಗು ಇದ್ದಷ್ಟೇ ಇದೆಯಾ, ಇನ್ನೂ ಕೆಳಗೆ ಇಳಿದಿದೆಯಾ ನೋಡಬೇಕು. ಇಳಿದಿದ್ದರೆ ನೀವು ಹಾಕುತ್ತಿರುವ ಪ್ಲಗ್ ಸಾಲುತ್ತಿಲ್ಲ, ಅಥವಾ ಸರಿಯಾಗಿ ಕೂರುತ್ತಿಲ್ಲ ಎಂದರ್ಥ. ಆ ಪ್ಲಗ್ಗನ್ನೂ ಜೊತೆಗೆ ತನ್ನಿ, ಹಾಕಿ ತೋರಿಸಿ.